ಫೋನಿಗೊಂದು ಒರೆ

ಮೊಬೈಲ್ ಫೋನಿನ ಚರಿತ್ರೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ಅದರ ಮೇಲಂಗಿಯ ಚರಿತ್ರೆ ಬರೆಯುವ ಗೋಜಿಗೆ ಹೆಚ್ಚು ಜನ ಹೋಗಿರಲಾರರು. ಒಡವೆಗೆ ಪೆಟ್ಟಿಗೆ, ಕನ್ನಡಕಕ್ಕೆ ಡಬ್ಬಿ, ಎಲೆ ಅಡಿಕೆಗೆ ಸಂಚಿ, ಹೊಲಿಗೆ ಮಿಷನ್ನಿಗೆ ಮರದ ಮುಚ್ಚಳ - ನಮ್ಮ ಮನೆಗಳಲ್ಲಿ ಬೆಲೆಬಾಳುವ ಯಾವ ವಸ್ತುವೂ ಮೈಬಿಟ್ಟುಕೊಂಡು ಕೂತದ್ದಿಲ್ಲ. ಫೋನಿಗೂ ಹಾಗೇ ಒಂದು ಹೊದಿಕೆ ಬಂತು. ಅದರಲ್ಲೂ ಒಳಗಿನಿಂದ ಕೀಬೋರ್ಡು ಜಾರಿ ಹೊರಗೆ ಬರುತ್ತಿದ್ದ ಒಂದು ಬಗೆಯ ಫೋನು ಬಂದು, ನಾಲ್ಕೈದು ವರ್ಷ ಮೆರೆದು, ಹೇಳದೆ ಕೇಳದೆ ಹೊರಟುಹೋಯಿತಲ್ಲ, ಅದಕ್ಕೊಂದು ತೊಗಲಿನ ಕವರು ಹುಡುಕುವ ಕೆಲಸ 2010ರಲ್ಲಿ ನನ್ನನ್ನು ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಪೇಟೆ ಸುತ್ತಿಸಿತು. ಆ ಸುತ್ತಾಟದಲ್ಲಿ ಕವರಿನ ಜೊತೆಗೆ ಈ ಸೀಮೆಯ ತೊಗಲಿನ ಕಥೆಯೂ ಒಂದಿಷ್ಟು ಸಿಕ್ಕಿತು.

ಹಿನ್ನೆಲೆ ಸ್ವಲ್ಪ ಹೇಳಬೇಕು. ನಮ್ಮ ದೇಶದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕಲ್ಕತ್ತೆಯಿಂದ ದೆಹಲಿಗೆ ಹೋಯಿತು. ಈ ಕಡೆ ಮಾತಾಡಿದವರು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು, ಆ ಕಡೆ ಕೇಂದ್ರದ ಸಂಪರ್ಕ ಸಚಿವ ಸುಖರಾಮ್. ಆಗ ಒಳಗೆ ಬರುವ ಕರೆಗೂ ದುಡ್ಡು ಕೊಡಬೇಕಾಗಿತ್ತು. ಫೋನು ಬಡಿದುಕೊಂಡರೆ ಎತ್ತುವುದೋ ಬೇಡವೋ ಎಂದು ಲೆಕ್ಕ ಹಾಕುವ ಕಾಲ. 2002ರಲ್ಲಿ ಬಿಎಸ್ಸೆನ್ನೆಲ್ಲಿನ ಮೊಬೈಲ್ ಸೇವೆ ಶುರುವಾಯಿತು. 2003ರಲ್ಲಿ ಒಳಬರುವ ಕರೆ ಬಿಟ್ಟಿಯಾಯಿತು. ಅಲ್ಲಿಂದಾಚೆಗೆ ಫೋನು ಕಂಟ್ರಾಕ್ಟರುಗಳ ಸೊಂಟದಿಂದ ಹಾಲಿನ ಡೈರಿ ಕಾರ್ಯದರ್ಶಿಯ ಜೇಬಿಗೂ ಇಳಿಯಿತು. ಹೆಂಗಸರ ಕೈಗೆ ಬಂದದ್ದು ಇನ್ನೂ ತಡವಾಗಿ. ಅದೂ ಹೆಚ್ಚಾಗಿ ಗಂಡನೋ ಮಗನೋ ಹೊಸದು ಕೊಂಡಾಗ ಬಿಟ್ಟುಕೊಟ್ಟ ಹಳೆಯ ಸೆಟ್ಟು.

ಜಾರುವ ಫೋನಿನ ಮೂಲ ಇನ್ನೂ ಹಿಂದಿನದು. ಜರ್ಮನಿಯ ಸೀಮೆನ್ಸ್ ಕಂಪನಿ 1999ರಲ್ಲಿ ಎಸ್‌ಎಲ್ 10 ಎಂಬ ಸೆಟ್ಟು ತಂದಿತು. ಅದರಲ್ಲಿ ಜಾರಿ ಬರುತ್ತಿದ್ದದ್ದು ಬರೀ ಅಂಕಿಗಳ ಮಣೆ. ಟೈಪ್‌ರೈಟರಿನ ಅಷ್ಟೂ ಕೀಲಿಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ ಫೋನುಗಳು ನಿಧಾನವಾಗಿ ಬಂದವು. 2008ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮೊದಲ ಆಂಡ್ರಾಯ್ಡ್ ಫೋನಾದ ಜಿ1 ಇಂಥದ್ದೇ. 2009ರಲ್ಲಿ ನೋಕಿಯಾದ ಇ75 ಮತ್ತು ಎನ್97, 2010ರಲ್ಲಿ ಬ್ಲ್ಯಾಕ್‌ಬೆರಿ ಟಾರ್ಚ್. ಟಾರ್ಚಿನದು ಕೆಳಕ್ಕೆ ಜಾರುವ ಮಣೆ. ನೋಕಿಯಾದ ಎರಡೂ ಅಡ್ಡ ಹಿಡಿದು ಹೆಬ್ಬೆರಳಿನಿಂದ ತಳ್ಳಿದರೆ ತೆರೆದುಕೊಳ್ಳುವಂಥವು. ತಳ್ಳಿದಾಗ ಬರುತ್ತಿದ್ದ ಆ 'ಟಕ್' ಶಬ್ದಕ್ಕೇ ಎಷ್ಟೋ ಜನ ದುಡ್ಡು ಕೊಟ್ಟಿದ್ದಾರೆ ಎಂಬುದು ನನ್ನ ಅಂಬೋಣ.

ಹೆಂಗಸರ ವಿಷಯ ಬರುವುದು ಇಲ್ಲೇ. 1970ರಿಂದ 90ರ ದಶಕದವರೆಗೆ ನಮ್ಮ ಊರುಗಳಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ, ಪಿಯುಸಿ ಫೇಲಾದ, ಮದುವೆಗೆ ಗಂಡು ನೋಡುತ್ತಿದ್ದ ಹುಡುಗಿಯರೆಲ್ಲ ಎಲ್ಲಿಗೆ ಹೋಗುತ್ತಿದ್ದರು ನೆನಪು ಮಾಡಿಕೊಳ್ಳಿ. ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ. ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ. ಬೆಳಿಗ್ಗೆ ಏಳು ಗಂಟೆಯ ಬ್ಯಾಚಿನಲ್ಲಿ ಇಪ್ಪತ್ತು ಮಿಷನ್ನು ಒಟ್ಟಿಗೆ ಬಡಿಯುತ್ತಿದ್ದರೆ ಬೀದಿಗೆಲ್ಲ ಆಲಿಕಲ್ಲು ಮಳೆ ಸುರಿದ ಸದ್ದು. ಜೂನಿಯರ್ ಪಾಸು, ಕೆಲವರಿಗೆ ಸೀನಿಯರ್ ಪಾಸು, ಆಮೇಲೆ ಮದುವೆ. ಕೆಲಸಕ್ಕೆ ಹೋದವರು ಕೆಲವೇ ಮಂದಿ. ಮಿಕ್ಕವರ ಬೆರಳಲ್ಲಿ ಆ ಕೀಲಿಗಳ ಜಾಗ ಹಾಗೇ ಉಳಿದುಕೊಂಡಿತ್ತು. 1870ರ ದಶಕದಲ್ಲಿ ಅಮೆರಿಕದ ಕ್ರಿಸ್ಟೋಫರ್ ಶೋಲ್ಸ್ ಕೂಡಿಸಿದ ಆ ಅಕ್ಷರದ ಸಾಲು, ನೂರಮೂವತ್ತು ಚಿಲ್ಲರೆ ವರ್ಷ ಕಳೆದ ಮೇಲೆ ಅಂಗೈಯಗಲದ ಫೋನಿನೊಳಗಿಂದ ಜಾರಿ ಬಂದಾಗ, ಮನೆಯ ಗಂಡಸರು ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದರು. ನಮಗೆ ಹುಡುಕುವ ಕೆಲಸವೇ ಇರಲಿಲ್ಲ. ಹತ್ತು ಬೆರಳಿನ ಕೆಲಸವನ್ನು ಎರಡು ಹೆಬ್ಬೆರಳಿಗೆ ಒಗ್ಗಿಸಿಕೊಳ್ಳಬೇಕಾಗಿತ್ತು, ಅಷ್ಟೆ.

ಬರೆಯುತ್ತಿದ್ದದ್ದು ಕನ್ನಡವನ್ನೇ, ಇಂಗ್ಲಿಷ್ ಅಕ್ಷರದಲ್ಲಿ. ಅದಕ್ಕೂ ಕಾರಣವಿತ್ತು. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸುತ್ತಿತ್ತು, ಕನ್ನಡ ಲಿಪಿಯಾದರೆ 70. ಒತ್ತಕ್ಷರ, ಗುಣಿತವೆಲ್ಲ ಬೇರೆ ಬೇರೆ ಎಣಿಕೆ. ಅಷ್ಟು ಕಷ್ಟಪಟ್ಟು ಕಳಿಸಿದರೂ ಅತ್ತಲಿನ ಸೆಟ್ಟಿನಲ್ಲಿ ಕನ್ನಡ ಇಲ್ಲದಿದ್ದರೆ ಬರೀ ಚೌಕ ಚೌಕ. ಆದರೂ ಹಾಸ್ಟೆಲಿನಲ್ಲಿದ್ದ ಮಗಳಿಗೆ 'ಊಟ ಆಯ್ತಾ' ಎಂದು ಯಾರಿಗೂ ಕೇಳಿಸದಂತೆ ಕೇಳಬಹುದಾಗಿತ್ತು. ನಡುಮನೆಯ ಲ್ಯಾಂಡ್‌ಲೈನಿನಲ್ಲಿ ಮನೆಮಂದಿಯೆಲ್ಲ ಕಿವಿಯಾಗಿ ಕೂತಿರುವಾಗ ಮಾತಾಡಿ ಅಭ್ಯಾಸವಾದವರಿಗೆ ಇದೆಷ್ಟು ದೊಡ್ಡದೆಂದು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ತಮ್ಮ ಇಂಥದೊಂದು ಸೆಟ್ಟು ತಂದುಕೊಟ್ಟ. ಹಳೆಯದಲ್ಲ, ಡಬ್ಬಿ ಒಡೆಯದ ಹೊಸದು. ಅದರ ಮೈಗೆ ತಕ್ಕ ಕವರು ಇರಲಿಲ್ಲ.

ಜಾರುವ ಫೋನಿಗೆ ಕವರು ಹಾಕುವುದು ಯಾಕೆ ಕಷ್ಟವೆಂದರೆ, ಅದು ಒಂದು ಮೈಯಲ್ಲ, ಎರಡು. ಮೇಲಿನ ಹಲಗೆ ಕೆಳಗಿನ ಹಲಗೆಯ ಮೇಲೆ ಕೂದಲೆಳೆಯಷ್ಟು ಸಂದಿನಲ್ಲಿ ಓಡಾಡುತ್ತದೆ. ಈಗಿನ ಫೋನಿಗೆ ಹಾಕುವ ಹಾಗೆ ಸುತ್ತ ಅಪ್ಪಿಕೊಳ್ಳುವ ಚಿಪ್ಪು ಹಾಕಿದರೆ ಬಾಗಿಲು ತೆರೆಯುವುದೇ ಇಲ್ಲ. ಕವರೇ ಇಲ್ಲದೆ ಬಿಟ್ಟರೆ ಆ ಸಂದಿಗೆ ದೂಳು. ನಮ್ಮ ಸೀಮೆಯ ದೂಳು ಅಂತಿಂಥದ್ದೂ ಅಲ್ಲ. ಸಕ್ಕರೆ ಕಾರ್ಖಾನೆ ಅರೆಯುವ ತಿಂಗಳುಗಳಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಕಪ್ಪು ಮಸಿ ಬೀಳುವುದು ಮಂಡ್ಯದ ಹೆಂಗಸರಿಗೆಲ್ಲ ಗೊತ್ತು. ಅಕ್ಕಿ ಗಿರಣಿಯ ತೌಡು, ಆಲೆಮನೆಯ ಹೊಗೆ, ಬೆಲ್ಲ ಮುಟ್ಟಿದ ಕೈ ಎಲ್ಲವೂ ಆ ಸಂದಿಗೆ ಶತ್ರುಗಳೇ. ಎರಡು ಹಲಗೆಗೂ ನಡುವೆ ರಿಬ್ಬನ್ನಿನಂಥ ತೆಳುವಾದ ಕೇಬಲ್ಲು ಇರುತ್ತದೆ, ತೆರೆದಾಗಲೆಲ್ಲ ಮಡಚಿ ಬಿಚ್ಚುತ್ತದೆ. ಅದು ತುಂಡಾದರೆ ಪರದೆ ಕುರುಡು.

ಆದ್ದರಿಂದ ಉಳಿಯುವ ದಾರಿ ಒಂದೇ. ಕತ್ತಿಗೆ ಇರುವಂಥ ಒರೆ. ಬೇಕಾದಾಗ ಹಿರಿದು, ಬರೆದು, ಮತ್ತೆ ಒಳಗೆ ಸೇರಿಸುವುದು.

ಮಂಡ್ಯದ ಪೇಟೆ ಬೀದಿಯಲ್ಲಿ ಒಂದು ಅಂಗಡಿಯವರು ಹತ್ತು ಹನ್ನೆರಡು ಪೌಚು ಹರಡಿದರು. ಎಲ್ಲವೂ ಅಡ್ಡ ಮಲಗುವ ಕಪ್ಪು ಪೌಚುಗಳು, ಹಿಂದೆ ಬೆಲ್ಟಿಗೆ ಸಿಕ್ಕಿಸುವ ಕ್ಲಿಪ್ಪು. "ಬೆಲ್ಟ್ ಎಲ್ಲಪ್ಪಾ ಹಾಕ್ಕೊಳ್ಳಲಿ?" ಎಂದೆ. ಹುಡುಗ ನನ್ನ ಸೀರೆಯನ್ನು ನೋಡಿ, "ಅಣ್ಣಾವ್ರಿಗೆ ಅಲ್ವಾ ಅಕ್ಕಾ?" ಎಂದ. ಅವನದೇನೂ ತಪ್ಪಿಲ್ಲ. ಆ ಫೋನು ಎಲ್ಲಿ ತಯಾರಾಯಿತೋ ಅಲ್ಲೇ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಸಾಹೇಬರ ಚಿತ್ರ ಇಟ್ಟುಕೊಂಡು ಮಾಡಿದ್ದರು. ನಮ್ಮ ಕಡೆ ಆ ಚಿತ್ರಕ್ಕೆ ಮರಳು ಲಾರಿಯ ಮಾಲೀಕರೂ ಪಂಚಾಯ್ತಿ ಮೆಂಬರುಗಳೂ ಸರಿಯಾಗಿ ಹೊಂದಿಕೊಂಡಿದ್ದರು. ಜೇಬೂ ಇಲ್ಲದ ಬೆಲ್ಟೂ ಇಲ್ಲದ ಉಡುಪಿನವರು ಆ ಲೆಕ್ಕದಲ್ಲೇ ಇರಲಿಲ್ಲ.

ಮದ್ದೂರಿನಲ್ಲಿ ಕುತ್ತಿಗೆಗೆ ನೇತುಹಾಕುವ ದಾರವಿದ್ದ ಪೌಚು ಸಿಕ್ಕಿತು. ತೊಗಲಿನದೆಂದೇ ಹೇಳಿದರು. ಉಗುರಿನಿಂದ ಮೆಲ್ಲಗೆ ಒತ್ತಿದೆ. ನಿಜವಾದ ತೊಗಲಾದರೆ ಒತ್ತಿದಲ್ಲಿ ಸಣ್ಣ ಸುಕ್ಕು ಎದ್ದು ಮೆಲ್ಲಗೆ ಮಾಯವಾಗುತ್ತದೆ. ಅಂಚಿನಲ್ಲಿ ನೋಡಿದರೆ ನಾರುನಾರು. ಇದರ ಅಂಚಿನಲ್ಲಿ ಬಟ್ಟೆಯ ಎಳೆ ಇಣುಕುತ್ತಿತ್ತು. ಬಟ್ಟೆಗೆ ಪ್ಲಾಸ್ಟಿಕ್ಕಿನ ಬಣ್ಣ ಬಳಿದ ಮಾಲು. ಇದರ ಒಂದು ಗುಣ ಹೇಳಲೇಬೇಕು. ಇದನ್ನು ಬಳಸದೆ ಬೀರುವಿನಲ್ಲಿಟ್ಟರೂ ಎರಡು ಮೂರು ಮಳೆಗಾಲ ಕಳೆಯುವುದರೊಳಗೆ ಸಿಪ್ಪೆ ಏಳುತ್ತದೆ. ಗಾಳಿಯಲ್ಲಿನ ತೇವಕ್ಕೆ ಆ ಪ್ಲಾಸ್ಟಿಕ್ಕಿನ ಪದರವೇ ಒಡೆದು ಪುಡಿಯಾಗುತ್ತದೆ. ಮದುವೆಗೆಂದು ಕೊಂಡ ವ್ಯಾನಿಟಿ ಬ್ಯಾಗು ಮಗುವಿನ ನಾಮಕರಣದ ಹೊತ್ತಿಗೆ ಕಪ್ಪು ಚೂರು ಉದುರಿಸುವುದನ್ನು ನೀವೂ ಕಂಡಿರುತ್ತೀರಿ. ಅದಕ್ಕೆ ನಿಮ್ಮ ಬಳಕೆ ಕಾರಣವಲ್ಲ. ಆ ಪೌಚಿನ ಮುಚ್ಚಳಕ್ಕೆ ಆಯಸ್ಕಾಂತದ ಗುಂಡಿ ಬೇರೆ. ದಿಕ್ಸೂಚಿ ಇರುವ ಫೋನುಗಳಿಗೆ ಅದು ಪಕ್ಕದಲ್ಲಿದ್ದರೆ ಉತ್ತರ ಯಾವುದು ದಕ್ಷಿಣ ಯಾವುದು ಎಂಬುದೇ ತಪ್ಪಿಹೋಗುತ್ತದೆ. ಅದನ್ನು ಬಿಟ್ಟು ವಡೆ ಕಟ್ಟಿಸಿಕೊಂಡು ಬಂದೆ.

ಇಷ್ಟು ಹೊತ್ತಿಗೆ ಮನೆಯಲ್ಲಿ ಬೇರೆ ಪ್ರಶ್ನೆ ಎದ್ದಿತ್ತು. ನಮ್ಮತ್ತೆಯವರು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: "ತೊಗಲಾದ್ರೆ ಅಡುಗೆ ಮನೆಗೆ ತರ್ಬ್ಯಾಡ ಕನವ್ವ." ನಡುಮನೆಯ ಗೂಟದಲ್ಲಿ ನಮ್ಮ ಮಾವನವರ ಹಳೆಯ ಟ್ರಾನ್ಸಿಸ್ಟರು ಕಂದು ಬಣ್ಣದ ತೊಗಲಿನ ಕವರಿನಲ್ಲೇ ನೇತಾಡುತ್ತಿತ್ತು. "ಅದೂ ತೊಗಲೇ ಅಲ್ವಾ ಅತ್ತೆ?" ಎಂದೆ. "ಅದು ರೇಡಿಯೋ ಕನವ್ವ" ಎಂದರು. ವಾದ ಅಲ್ಲಿಗೆ ಮುಗಿಯಿತು.

ಆ ಟ್ರಾನ್ಸಿಸ್ಟರಿನ ಕವರೇ ಫೋನಿನ ಕವರಿನ ನಿಜವಾದ ಅಜ್ಜ. 1947ರಲ್ಲಿ ಅಮೆರಿಕದ ಬೆಲ್ ಲ್ಯಾಬೊರೇಟರಿಯಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. 1954ರಲ್ಲಿ ಅದನ್ನು ಬಳಸಿದ ಮೊದಲ ಜೇಬು ರೇಡಿಯೋ ಅಂಗಡಿಗೆ ಬಂತು. 60-70ರ ದಶಕಕ್ಕೆ ಅದು ನಮ್ಮ ಕಬ್ಬಿನ ಗದ್ದೆಯ ಬದುವಿಗೂ ತಲುಪಿತ್ತು. ಮುಂದೆ ಸ್ಪೀಕರಿಗೆ ಸರಿಯಾಗಿ ಸಾಲು ಸಾಲು ತೂತು, ಹಿಂದೆ ಸೆಲ್ ಹಾಕಲು ಟಿಚ್ ಗುಂಡಿಯ ಬಾಗಿಲು, ಹೆಗಲಿಗೆ ಪಟ್ಟಿ. ರೇಡಿಯೋ ಅಂಗಿ ಬಿಚ್ಚದೆ ಹಾಡುತ್ತಿತ್ತು. ಕವರು ಅಂದರೆ ಹೀಗಿರಬೇಕು. ಆದರೆ ಅದೂ ಗಂಡಸರ ಹೆಗಲಿಗೇ ಹೊಲಿದದ್ದು. ಮನೆಯೊಳಗೆ ಶೆಲ್ಫಿನ ಮೇಲೆ ಕೂತ ದೊಡ್ಡ ರೇಡಿಯೋಗೆ ಹೆಂಗಸರು ಕ್ರೋಶಾ ಹೊದಿಕೆ ಹೆಣೆದರು. ಆಮೇಲೆ ಟಿವಿಗೆ, ಮಿಕ್ಸಿಗೆ, ಗ್ಯಾಸ್ ಸಿಲಿಂಡರಿಗೆ. ತೊಗಲು ಹೊರಗೆ ಹೋಗುವ ವಸ್ತುವಿಗೆ, ನೂಲು ಒಳಗೆ ಇರುವ ವಸ್ತುವಿಗೆ. ಯಾರೂ ಬರೆದಿಡದ ಕಾಯಿದೆ. ಹೆಂಗಸಿನ ಕೈಯ ಫೋನು ಮೊದಲ ಸಲ ಎರಡೂ ಕಡೆ ಓಡಾಡುವ ವಸ್ತುವಾಗಿ ಈ ಕಾಯಿದೆಯನ್ನು ಗೊಂದಲಕ್ಕೆ ಕೆಡವಿತು.

ಮಳವಳ್ಳಿ ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುತ್ತಿದ್ದ ಒಬ್ಬ ಮುದುಕರಿದ್ದರು. ಕಿತ್ತ ಚಪ್ಪಲಿಯ ಉಂಗುಷ್ಠ ಹಾಕಿಸಲು ಕೂತಾಗ ಫೋನು ತೋರಿಸಿ ಕೇಳಿದೆ, "ಯಜಮಾನ್ರೇ, ಇದಕ್ಕೊಂದು ಒರೆ ಹೊಲಿಯೋಕಾಯ್ತದಾ?" ಅವರು ಕೈ ಒರೆಸಿಕೊಂಡು ಅದನ್ನು ತಿರುವಿ ನೋಡಿ, ಎರಡು ಸಲ ತಳ್ಳಿ ಮುಚ್ಚಿ, "ಇದು ಬಾಯಿ ಬುಡೋದು ಯಾವ ಕಡೀಕೆ ತಾಯಿ?" ಎಂದರು. ಅಷ್ಟು ದಿನದಲ್ಲಿ ಆ ಫೋನಿನ ಬಗ್ಗೆ ಯಾರೂ ಕೇಳದ, ಕೇಳಲೇಬೇಕಾಗಿದ್ದ ಪ್ರಶ್ನೆ. ಅಡ್ಡ ಬಾಯಿ ಬಿಡುವ ಫೋನನ್ನು ಅಡ್ಡ ಒರೆಯಲ್ಲಿಟ್ಟರೆ ಹಿರಿಯುವಾಗ ಹೆಬ್ಬೆರಳು ತಗುಲಿ ಅರ್ಧ ತೆರೆದುಕೊಂಡು ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಉದ್ದುದ್ದ ಇಳಿಸಿದರೆ ಒರೆಯ ಎರಡು ಪಕ್ಕವೇ ಅದನ್ನು ಮುಚ್ಚಿ ಹಿಡಿದಿರುತ್ತವೆ. ಅಂಗಡಿಯ ಅಷ್ಟೂ ಪೌಚುಗಳು ಅಡ್ಡ ಇದ್ದವೆಂಬುದು ಆಗ ಹೊಳೆಯಿತು.

ತೊಗಲಿನಲ್ಲಿ ಎರಡು ಬಗೆ ಎಂದು ತೋರಿಸಿಕೊಟ್ಟವರೂ ಅವರೇ. ತೊಗಟೆಯ ನೀರಿನಲ್ಲಿ ಹದ ಮಾಡಿದ್ದು ಒಂದು, ಕ್ರೋಮ್ ಎಂಬ ಲವಣದಲ್ಲಿ ಹದ ಮಾಡಿದ್ದು ಇನ್ನೊಂದು. ಮಳವಳ್ಳಿಯ ಬೆದ್ದಲಿನ ಕಡೆ ಹಳದಿ ಹೂ ಬಿಡುವ ತಂಗಡಿ ಗಿಡ ನೋಡಿರುತ್ತೀರಿ. ಹಳೆ ಮೈಸೂರಿನಲ್ಲೆಲ್ಲ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಹೆರೆದು, ತಂಗಡಿ ತೊಗಟೆ, ಅಳಲೆಕಾಯಿಯ ಕಷಾಯದಲ್ಲಿ ವಾರಗಟ್ಟಲೆ ಇಟ್ಟು ಹದ ಮಾಡುತ್ತಿದ್ದರು. ಆ ತೊಗಲು ಒದ್ದೆ ಮಾಡಿ ಹೇಗೆ ಬಗ್ಗಿಸಿದರೆ ಹಾಗೆ ನಿಲ್ಲುತ್ತದೆ. ಕ್ರೋಮಿನದು ಮೆತ್ತಗೆ, ನೀರಿಗೆ ಜಗ್ಗುವುದಿಲ್ಲ, ಆದರೆ ಕೊಟ್ಟ ಆಕಾರ ಹಿಡಿಯುವುದಿಲ್ಲ. ಇಂದಿನ ಪರ್ಸು, ಬ್ಯಾಗುಗಳಲ್ಲಿ ಬಹುಪಾಲು ಕ್ರೋಮಿನವು.

ಕ್ರೋಮು ಈ ಕಡೆಗೆ ಬಂದ ಕಥೆಗೂ ನಮ್ಮ ಬಾವಿಗಳಿಗೂ ಸಂಬಂಧವಿದೆ. ಕಾಲುವೆ ಬರುವ ಮುಂಚೆ ಮಂಡ್ಯದ ಸೀಮೆ ಕೆರೆ ಬಾವಿಗಳ ಸೀಮೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ, ಆಗ ಇರ್ವಿನ್ ನಾಲೆ ಎನ್ನುತ್ತಿದ್ದ ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ಹರಿದದ್ದು 1930ರ ದಶಕದಲ್ಲಿ. ಅಲ್ಲಿಯವರೆಗೆ ಬಾವಿಯ ನೀರೆತ್ತುತ್ತಿದ್ದದ್ದು ಕಪಿಲೆ. ಜೋಡಿ ಎತ್ತು ಇಳಿಜಾರಿನಲ್ಲಿ ಮುಂದಕ್ಕೆ ನಡೆದರೆ ದೊಡ್ಡ ತೊಗಲಿನ ಚೀಲ ತುಂಬಿಕೊಂಡು ಮೇಲೆ ಬಂದು ತೊಟ್ಟಿಗೆ ಸುರಿಯುತ್ತಿತ್ತು. ಆ ಚೀಲ, ಮಿಣಿ, ಬಾರುಕೋಲು, ಎಕ್ಕಡ, ತಮಟೆ ಎಲ್ಲವನ್ನೂ ಮಾಡಿಕೊಡುತ್ತಿದ್ದವರು ಊರಾಚೆಯ ಕೇರಿಯವರು. ಅವರಿಗೆ ಸುಗ್ಗಿಯಲ್ಲಿ ಕಣದ ಆಯ. ಸದಾ ನೀರಿನಲ್ಲಿ ನೆನೆಯುವ ಆ ಚೀಲ ಬೇಗ ಕೊಳೆಯುತ್ತಿತ್ತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಆಲ್ಫ್ರೆಡ್ ಚಾಟರ್ಟನ್ ಎಂಬ ಇಂಗ್ಲಿಷ್ ಎಂಜಿನಿಯರು ಮದರಾಸಿನಲ್ಲಿ ಕ್ರೋಮ್ ಹದವನ್ನು ಬಳಕೆಗೆ ತರಲು ಹೊರಟಾಗ, ಬಾವಿಯ ಚೀಲ ಹೆಚ್ಚು ಕಾಲ ಬಾಳಬೇಕೆಂಬುದು ಅವರ ಮನಸ್ಸಿನಲ್ಲಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಇದೇ ಚಾಟರ್ಟನ್ನರು ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿ ಬಂದರು.

ನಾಲೆ ಬಂದ ಕಡೆ ಕಪಿಲೆ ನಿಂತಿತು, ಬಾರದ ಬೆದ್ದಲಿನಲ್ಲಿ ನಡೆಯಿತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ತು ಹುಟ್ಟಿದರೂ ಅದು ನೂರೈವತ್ತು ಕಿಲೋಮೀಟರಿನಷ್ಟು ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಸುತ್ತಲಿನ ಬಾವಿಗಳಿಗೆ ಪಂಪ್‌ಸೆಟ್ಟು ಬರಲು ದಶಕಗಳೇ ಹಿಡಿದವು. ಆ ಮುದುಕರ ತಂದೆ ಕಪಿಲೆಯ ಚೀಲ ಹೊಲಿಯುತ್ತಿದ್ದರಂತೆ. "ನೀರೇ ನಿಲ್ತಿತ್ತು ಕನವ್ವ ಆ ಹೊಲಿಗೇಲಿ, ಫೋನು ನಿಲ್ದೆ ಇದ್ದದಾ?" ಎಂದರು. ಅದೇ ಚೀಲದ ನೀರು ಹರಿದ ತೋಟದ ಬಾವಿಕಟ್ಟೆಗೆ ತಮ್ಮ ತಂದೆ ಕಾಲಿಡುವಂತಿರಲಿಲ್ಲ ಎಂಬುದನ್ನೂ ಅದೇ ದನಿಯಲ್ಲಿ, ದಾರಕ್ಕೆ ಮೇಣ ಉಜ್ಜುತ್ತಲೇ ಹೇಳಿದರು. ನಾನು ಏನೂ ಹೇಳಲಿಲ್ಲ. ಹೇಳುವಂಥದ್ದು ನನ್ನ ಹತ್ತಿರ ಇರಲಿಲ್ಲ.

ಒರೆ ಆದದ್ದು ಹೀಗೆ. ಫೋನಿನ ಅಳತೆಗೆ, ಒಂದು ಸುತ್ತು ಕಾಗದದಷ್ಟು ಹೆಚ್ಚು ಬಿಟ್ಟು, ಮರದ ತುಂಡೊಂದನ್ನು ಕೆತ್ತಿಕೊಂಡರು. ತೊಗಟೆ ಹದದ ತೊಗಲನ್ನು ನೀರಿನಲ್ಲಿ ನೆನೆಸಿ, ರಂಪಿಗೆಯಲ್ಲಿ ಕೊಯ್ದು, ಆ ಮರದ ಮೇಲೆ ಬಿಗಿದು ಕಟ್ಟಿ, ನೆರಳಿನಲ್ಲಿ ಎರಡು ದಿನ ಒಣಗಿಸಿದರು. ಬಿಸಿಲಿಗಿಟ್ಟರೆ ಬಿರಿಯುತ್ತದಂತೆ. ಆಮೇಲೆ ದಬ್ಬಳದಲ್ಲಿ ಹೊಲಿಗೆ. ಮುಚ್ಚಳಕ್ಕೆ ಆಯಸ್ಕಾಂತ ಬೇಡವೆಂದದ್ದಕ್ಕೆ ಟ್ರಾನ್ಸಿಸ್ಟರಿನಲ್ಲಿ ಇದ್ದಂಥದ್ದೇ ಟಿಚ್ ಗುಂಡಿ. ತಳದಲ್ಲಿ ಎರಡು ತೂತು, ದೂಳು ಉದುರಲಿಕ್ಕೆ. ಹಿಂದೆ ಕ್ಲಿಪ್ಪಿನ ಬದಲು ಒಂದು ಕುಣಿಕೆ. ಅದಕ್ಕೆ ದಾರ ಹಾಕಿ ಕೊರಳಿಗೆ ಬೇಕಾದರೆ ಕೊರಳಿಗೆ, ಸೊಂಟಕ್ಕೆ ಸಿಕ್ಕಿಸಬೇಕಾದರೆ ಸೊಂಟಕ್ಕೆ. ನಮ್ಮಜ್ಜಿ ಎಲಡಿಕೆ ಸಂಚಿಯನ್ನು ಸಿಕ್ಕಿಸುತ್ತಿದ್ದ ಜಾಗ ಅದೇ. ಮೊದಮೊದಲು ಫೋನು ಬಹಳ ಬಿಗಿ ಅನಿಸಿತು. ತೊಗಲು ಬಳಸಿದಂತೆ ಸಡಿಲವಾಗುತ್ತದೆ, ಆದ್ದರಿಂದ ಹೊಸದರಲ್ಲಿ ಬಿಗಿಯಾಗಿರುವುದನ್ನೇ ಆರಿಸಬೇಕು. ಸಲೀಸಾಗಿ ಜಾರುವುದನ್ನು ಕೊಂಡರೆ ಆರು ತಿಂಗಳಲ್ಲಿ ಬಾವಿಗೆ ಬಗ್ಗಿದಾಗ ಫೋನು ಬಾವಿಗೆ. ಮಳೆಗಾಲದಲ್ಲಿ ಬೂಷ್ಟು ಹಿಡಿದರೆ ಒಣ ಬಟ್ಟೆಯಲ್ಲಿ ಒರೆಸಿ ಗಾಳಿಗಿಡಬೇಕು. ಚಾರ್ಜಿಗೆ ಹಾಕುವಾಗ ಒರೆಯಿಂದ ತೆಗೆದಿಡುವುದು ಒಳ್ಳೆಯದು, ತೊಗಲು ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಇಂಥ ಕೆಲಸಕ್ಕೆ ಬೆಂಗಳೂರು, ಮೈಸೂರಿನವರಿಗಾದರೆ ಲಿಡ್ಕರ್ ಮಳಿಗೆಗಳಿದ್ದವು. ಚರ್ಮದ ಕುಶಲಕರ್ಮಿಗಳಿಗೆಂದು ರಾಜ್ಯ ಸರ್ಕಾರ 1976ರಲ್ಲಿ ಕಟ್ಟಿದ ನಿಗಮ ಅದು. ಅಲ್ಲಿನ ಮಾಲು ಗಟ್ಟಿ. ಆದರೆ ಬಾಯಿ ಬಿಡೋದು ಯಾವ ಕಡೀಕೆ ಎಂದು ಕೇಳಿ ಹೊಲಿಸುವ ಅನುಕೂಲ ರೆಡಿಮೇಡಿನಲ್ಲಿ ಎಲ್ಲಿಂದ ಬರಬೇಕು?

ಅತ್ತೆಯವರ ಅಡುಗೆ ಮನೆಯ ಕಾಯಿದೆ ಸಡಿಲವಾಗಲಿಲ್ಲ. ಒರೆ ನಡುಮನೆಯ ಗೂಟದಲ್ಲಿ ರೇಡಿಯೋ ಪಕ್ಕ, ಫೋನು ಮಾತ್ರ ಅಡುಗೆ ಮನೆಯ ಗೂಡಿನಲ್ಲಿ. ಮಾರಮ್ಮನ ಹಬ್ಬದಲ್ಲಿ ತಮಟೆಯ ಮುಂದೆ ಅವರೇ ಆರತಿ ಹಿಡಿದು ನಿಂತಾಗ ಈ ಮಾತು ತೆಗೆಯೋಣವೆಂದುಕೊಂಡೆ. ತೆಗೆಯಲಿಲ್ಲ. ಅಡುಗೆ ಮಾಡುತ್ತಲೇ ಮಗಳಿಗೆ ಬರೆಯುವ ನನ್ನ ಕೆಲಸಕ್ಕೆ ಆ ಏರ್ಪಾಡೇ ಅನುಕೂಲವಾಗಿತ್ತು.

ಬೇರೆ ಹೆಂಗಸರು ಬೇರೆ ದಾರಿ ಹಿಡಿದಿದ್ದರು. ಮಣಿ ಪೋಣಿಸಿದ ಪೌಚು, ಉಳಿದ ರವಿಕೆ ಬಟ್ಟೆಗೆ ಜಿಪ್ಪು ಹಾಕಿದ ಪೌಚು, ಉಲ್ಲನ್ನಿನ ಕ್ರೋಶಾ ಪೌಚು. ಸ್ತ್ರೀಶಕ್ತಿ ಸಂಘದ ಸಭೆಗಳಲ್ಲಿ ಎಲ್ಲರ ಕೊರಳಲ್ಲೂ ಒಂದೊಂದು. ನೂಲಿನದು ಗೀಚು ತಡೆಯುತ್ತದೆ, ಬಿದ್ದ ಪೆಟ್ಟು ತಡೆಯುವುದಿಲ್ಲ. ಕ್ರೋಶಾದ ಕಣ್ಣಿನಲ್ಲಿ ದೂಳೂ ನುಗ್ಗುತ್ತದೆ. ಜಾರುವ ಫೋನಿಗೆ ಅದನ್ನು ಹೇಳಲಾರೆ, ಗುಂಡಿ ಒತ್ತುವ ಸಾದಾ ಫೋನಿಗೆ ಸಾಕು.

2012-13ರ ಹೊತ್ತಿಗೆ ಪರದೆಯನ್ನೇ ತೀಡುವ ಫೋನುಗಳು ಎಲ್ಲರ ಕೈಗೂ ಬಂದವು. ಕೀಬೋರ್ಡು ಗಾಜಿನೊಳಕ್ಕೆ ಹೋಯಿತು. ಕನ್ನಡ ಅಕ್ಷರಗಳೇ ಪರದೆಯ ಮೇಲೆ ಬರತೊಡಗಿದ್ದು ದೊಡ್ಡ ಲಾಭ. ಬೆರಳಿಗೆ ಕೀಲಿಯ ದಂಡೆ ಸಿಗದೇ ಹೋದದ್ದು ಟೈಪಿಂಗ್ ಕಲಿತವರಿಗೆ ನಷ್ಟ. 2015ರಲ್ಲಿ ಬ್ಲ್ಯಾಕ್‌ಬೆರಿಯವರು ಪ್ರಿವ್ ಎಂಬ ಹೆಸರಿನಲ್ಲಿ ಜಾರುವ ಮಣೆಯ ಫೋನನ್ನು ಮತ್ತೊಮ್ಮೆ ತಂದರು, ನಡೆಯಲಿಲ್ಲ. ಮಳವಳ್ಳಿಯ ಆ ಜಾಗದಲ್ಲಿ ಈಗ ಚಪ್ಪಲಿ ಹೊಲಿಯುವವರಿಲ್ಲ. ಮೊಬೈಲಿಗೆ ಗಾಜು ಅಂಟಿಸುವ ಹುಡುಗ ಕೂರುತ್ತಾನೆ.

ಈಗಿನ ಫೋನುಗಳು ಆ ಕಾಲದ ಯಾವ ಪೌಚಿಗೂ ಹಿಡಿಸುವುದಿಲ್ಲ. 2023ರ ಜೂನ್ 11ರಂದು ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೇಟಿನ ದುಡ್ಡಿಲ್ಲದ ಶಕ್ತಿ ಯೋಜನೆ ಶುರುವಾದ ಮೇಲೆ, ಮಂಡ್ಯ-ಮಳವಳ್ಳಿ ಬಸ್ಸಿನಲ್ಲಿ ಕಂಡಕ್ಟರು ಬಂದಾಗ ಹೆಂಗಸರ ಕೊರಳಿಂದ, ಸೊಂಟದಿಂದ ಹಳೆಯ ಮೊಬೈಲ್ ಪೌಚುಗಳು ಒಂದೊಂದಾಗಿ ಹೊರಗೆ ಬರುತ್ತವೆ. ಮಣಿಯವು, ಜಿಪ್ಪಿನವು, ಸಿಪ್ಪೆ ಎದ್ದ ರೆಕ್ಸಿನ್ನಿನವು. ಒಳಗಿರುವುದು ಆಧಾರ್ ಕಾರ್ಡು. ನನ್ನದರ ಟಿಚ್ ಗುಂಡಿ ಸ್ವಲ್ಪ ಬಿಗಿ, ತೆಗೆಯಲು ಹೊತ್ತು ಹಿಡಿಯುತ್ತದೆ; ಕಂಡಕ್ಟರು ಅಷ್ಟು ಹೊತ್ತಿಗೆ ಮುಂದಿನ ಸೀಟಿಗೆ ಹೋಗಿ ವಾಪಸು ಬರುತ್ತಾನೆ.